ನೀರು ಕೇಳದ ತೋಟ

ರಾತ್ರಿ ಹನ್ನೊಂದೂವರೆಗೆ ಯಾರೋ ಬಾಗಿಲು ಬಡಿದರು.

ಒಂದಲ್ಲ, ಮೂರು ಬಡಿತ. ಮೊದಲನೆಯದು ಸಂಕೋಚದ್ದು, ಎರಡನೆಯದು ಅವಸರದ್ದು, ಮೂರನೆಯದು ಹೆದರಿಕೆಯದು. ಹಾಸಿಗೆಯಲ್ಲಿ ಎದ್ದು ಕುಳಿತ ಬಸಲಿಂಗಯ್ಯ ಹಿರೇಮಠರಿಗೆ ನ್ಯಾಯವಾಗಿ ಭಯವಾಗಬೇಕಿತ್ತು. ಆದದ್ದು ಸಂತೋಷ. ಆ ಬಾಗಿಲನ್ನು ಒಬ್ಬ ಮನುಷ್ಯ ಬಡಿದು ಎಪ್ಪತ್ತೊಂದು ದಿನಗಳಾಗಿದ್ದವು. ಕೊನೆಯದಾಗಿ ಬಡಿದವನು ಸಹ ವಿಳಾಸ ತಪ್ಪಿ ಬಂದ ಗ್ಯಾಸ್ ಸಿಲಿಂಡರಿನವನು.

ಮನೆಗೆ ಬಂದವರೆದುರು ಬನಿಯನ್ನಿನಲ್ಲಿ ನಿಲ್ಲಬಾರದೆಂದು ಅವರು ಅಂಗಿ ತೊಟ್ಟರು. ಗುಂಡಿಗಳು ಒಂದೊಂದು ಮನೆ ಮೇಲಕ್ಕೆ ಹತ್ತಿದ್ದವು. ಎಲ್ಲ ಬಿಚ್ಚಿ ಮತ್ತೆ ಹಾಕಿದರು. ತಲೆ ಬಾಚಿದರು. ಒಲೆಯ ಮೇಲೆ ಎರಡು ಕಪ್ಪಿನ ಚಹಕ್ಕೆ ನೀರಿಟ್ಟರು. "ಬಂದೆ, ಬಂದೆ! ಕುಂದರ್ರಿ ಅಲ್ಲೇ!" ಎಂದು ಒಳಗಿನಿಂದಲೇ ಉಪಚಾರ ಆರಂಭಿಸಿದರು.

ಬಾಗಿಲು ತೆರೆದಾಗ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಗೇಟು ಹಾರುಹೊಡೆದಿತ್ತು. ಅಂಗಳಕ್ಕೆ ಹಾಸಿದ ಖಡಿಕಲ್ಲಿನ ಚೂರುಗಳ ಮೇಲೆ ಒದ್ದೆ ಹೆಜ್ಜೆಗಳು. ಟಾರ್ಚಿನ ಬೆಳಕು ಆ ಹೆಜ್ಜೆಗಳ ಬೆನ್ನು ಹತ್ತಿ ಲೋಳೆಸರದ ಮಡಿಗೆ ಬಂದು ನಿಂತಿತು.

ಗಿಡದ ಬುಡದಲ್ಲಿ ನೀರು ನಿಂತಿತ್ತು.

ಬೇರೆಯವರ ತೋಟದಲ್ಲಿ ನೀರು ಕಂಡರೆ ಅದು ಸುದ್ದಿಯಲ್ಲ. ಈ ತೋಟದಲ್ಲಿ ಕಂಡರೆ ಅದು ಅಪರಾಧ. ಏಕೆಂಬುದನ್ನು ಹೇಳದೆ ಕಥೆ ಮುಂದಕ್ಕೆ ಹೋಗದು.

ಬಸಲಿಂಗಯ್ಯನವರು ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಟೈಮ್ ಆಫೀಸಿನ ಕಿಟಕಿಯಲ್ಲಿ ಕುಳಿತು, ಸಾವಿರಾರು ಜನ ಒಳಗೆ ಬಂದದ್ದನ್ನೂ ಹೊರಗೆ ಹೋದದ್ದನ್ನೂ ಬರೆದವರು. ನಿವೃತ್ತರಾಗಿ ಹಳಿಯಾಳದ ಹೊಸ ಪ್ಲಾಟುಗಳಲ್ಲಿ ಮನೆ ಕಟ್ಟಿಸಿದರು. ಅವರ ಹೆಂಡತಿ ಅಂಗಳದ ತುಂಬ ದಾಸವಾಳ, ಮಲ್ಲಿಗೆ, ಶಾವಂತಿಗೆ ಬೆಳೆಸಿದ್ದರು. ಪೂಜೆಗೆ ಹೂವು ಬೇಕಾದ ಓಣಿಯ ಹೆಂಗಸರೆಲ್ಲ ನಸುಕಿನಲ್ಲೇ ಬುಟ್ಟಿ ಹಿಡಿದು ಬರುತ್ತಿದ್ದುದರಿಂದ ಆ ಗೇಟಿಗೆ ಮುಚ್ಚಿಕೊಂಡಿರುವುದು ಹೇಗೆಂದೇ ಗೊತ್ತಿರಲಿಲ್ಲ. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಹೂವಿದ್ದವು, ಹೆಂಗಸರು ಬರುತ್ತಿದ್ದರು, "ಆರಾಮಽರೀ ಅಯ್ಯಾರ?" ಎಂದು ಕೇಳಿ ಹೋಗುತ್ತಿದ್ದರು.

ಆಮೇಲೆ ಬಂದದ್ದು 'ಜಲಮಿತ್ರ' ಯೋಜನೆಯ ಕರಪತ್ರ. ಅತಿ ಕಡಿಮೆ ನೀರಿನಲ್ಲಿ ಮನೆಯಂಗಳದ ತೋಟ ಬೆಳೆಸಿದವರಿಗೆ ಪ್ರಮಾಣಪತ್ರ; ಗೇಟಿಗೆ ನೀಲಿ ಫಲಕ. ಇವೆರಡನ್ನೂ ಬಸಲಿಂಗಯ್ಯನವರು ಒಮ್ಮೆ ಮಾತ್ರ ಓದಿದರು. ಹನ್ನೊಂದು ಸಲ ಓದಿದ್ದು ಕೆಳಗಿನ ಸಾಲನ್ನು: 'ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲೂಕುಗಳ ಆಸಕ್ತರನ್ನು ಆಯ್ಕೆಯಾದ ತೋಟಗಳಿಗೆ ಕರೆತಂದು ತೋರಿಸಲಾಗುವುದು.'

ನಾಲ್ಕು ತಾಲೂಕಿನ ಜನ! ಅವರು ಆ ವಾರವೇ ಹೂಗಿಡಗಳನ್ನೆಲ್ಲ ಕೀಳಿಸಿದರು. ದಿನಕ್ಕೆ ಹನ್ನೆರಡು ಬಕೆಟ್ಟು ನೀರು ಕುಡಿಯುವ ಗಿಡಗಳಿಗೆ ಜಲಮಿತ್ರರ ಅಂಗಳದಲ್ಲಿ ಏನು ಕೆಲಸ? ಅವುಗಳ ಜಾಗದಲ್ಲಿ ಲೋಳೆಸರ, ಕತ್ತಾಳೆ, ಏಳು ಬಗೆಯ ಕಳ್ಳಿ ಬಂದವು. ಗೋಡೆಗೆ ಕಾಗದದ ಹೂವಿನ ಬಳ್ಳಿ ಬಂತು. ಜೀವಮಾನವೆಲ್ಲ ಕಾಗದದ ಅನ್ನ ಉಂಡವರು ಅದನ್ನು ಮರೆಯುವಂತಿರಲಿಲ್ಲ. ಬುಡಕ್ಕೆ ತರಗೆಲೆಯ ಹೊದಿಕೆ, ಅದರ ಮೇಲೆ ಖಡಿ. ಕಲ್ಲಿನ ನೆರಳಿನಲ್ಲಿ ಮಣ್ಣಿನ ತೇವ ಬೇಗ ಆರುವುದಿಲ್ಲವೆಂದು ಓದಿ, ಕಾಳಿ ನದಿಯ ದಂಡೆಯಿಂದ ಮೊಣಕಾಲೆತ್ತರದ ನುಣುಪಾದ ಕರಿಕಲ್ಲೊಂದನ್ನು ಟೆಂಪೋದಲ್ಲಿ ತರಿಸಿ ಲೋಳೆಸರಕ್ಕೂ ಕಳ್ಳಿಗೂ ನಟ್ಟನಡುವೆ ನಿಲ್ಲಿಸಿದರು. ಸಡಿಲ ಮಣ್ಣಿನಲ್ಲಿ ಅದು ದಿನವೂ ತುಸು ವಾಲುತ್ತಿತ್ತು, ಅವರು ದಿನವೂ ನೆಟ್ಟಗೆ ಮಾಡುತ್ತಿದ್ದರು. ಗೇಟಿನ ಬಳಿ ಫಲಕ: 'ಈ ತೋಟಕ್ಕೆ ನೀರು ಹಾಕುವುದಿಲ್ಲ.' ಬರಲಿರುವ ಜನಕ್ಕೆ ಆರು ಪ್ಲಾಸ್ಟಿಕ್ ಕುರ್ಚಿ, ಹೆಸರು ಬರೆಯಲು ಒಂದು ದಪ್ಪ ರಜಿಸ್ಟರು. ಹೆಸರು, ಊರು, ಬಂದ ವೇಳೆ, ಹೋದ ವೇಳೆ, ಬಂದ ಉದ್ದೇಶ. ಗೆರೆಗಳನ್ನು ಅವರೇ ಕೆಂಪು ಶಾಯಿಯಲ್ಲಿ ಎಳೆದರು.

ಹೂವು ಹೋದ ಮರುದಿನದಿಂದ ಗೇಟಿನ ಸದ್ದು ನಿಂತಿತು. ಕಾರಣಕ್ಕೂ ಪರಿಣಾಮಕ್ಕೂ ಇರುವ ನಂಟಿಗೆ ಟೈಮ್ ಆಫೀಸಿನ ರಜಿಸ್ಟರಿನಲ್ಲಿ ಕಾಲಮ್ಮು ಇರಲಿಲ್ಲವಾದ್ದರಿಂದ ಅದು ಬಸಲಿಂಗಯ್ಯನವರಿಗೆ ಹೊಳೆಯಲಿಲ್ಲ. ಮುಂಡಗೋಡದಲ್ಲಿ ಶಿಕ್ಷಕಿಯಾಗಿದ್ದ ಮಗಳು ದಾನೇಶ್ವರಿ ಪ್ರತಿ ರವಿವಾರ ಫೋನು ಮಾಡಿ, "ಅಪ್ಪಾ, ಗಿಡಕ್ಕ ಹಾಕಬ್ಯಾಡ, ಆತು. ನೀನರ ನೀರು ಕುಡೀತಿಯೋ ಇಲ್ಲೋ?" ಎಂದು ವಿಚಾರಿಸುತ್ತಿದ್ದಳು. ಉಳಿದ ಆರು ದಿನ ರಜಿಸ್ಟರು, ಕುರ್ಚಿ, ಬಸಲಿಂಗಯ್ಯ ಮೂವರೂ ಗೇಟು ನೋಡುತ್ತ ಕೂರುತ್ತಿದ್ದರು.

ಇಂಥ ತೋಟದಲ್ಲಿ ನೀರು. ಅದೂ 'ಜಲಮಿತ್ರ'ದವರ ತಪಾಸಣೆಗೆ ಹದಿನೈದೇ ದಿನವಿರುವಾಗ.

ಬೆಳಗಾಗುತ್ತಲೇ ಕನ್ನಡಕ ಏರಿಸಿ ಅವರು ಸ್ಥಳ ಪರಿಶೀಲನೆಗೆ ಇಳಿದರು. ಆಗ ಕಂಡದ್ದು ನೀರಿಗಿಂತ ಘೋರವಾಗಿತ್ತು. ಕಾಳಿ ನದಿಯ ಕಲ್ಲಿನ ಮೇಲೆ ಅಡ್ಡಕ್ಕೆ ಮೂರು ಬಿಳಿಯ ಗೆರೆಗಳು. ವಿಭೂತಿ. ನೆತ್ತಿಯ ಮೇಲೆ ಒಂದು ಕಣಗಲ ಹೂವು. ಗೋಡೆಯಾಚೆ ನೆರೆಮನೆಯ ಈರಕ್ಕ ತಂಬಿಗೆ ಹಿಡಿದು ಭಕ್ತಿಯಿಂದ ನಿಂತಿದ್ದಳು. ಅರವತ್ತರ ಈರಕ್ಕ ಆ ಗೋಡೆಯ ಮೇಲಿಂದ ಎಪ್ಪತ್ತೊಂದು ದಿನಗಳಲ್ಲಿ ಒಮ್ಮೆಯೂ ಇಣುಕಿದವಳಲ್ಲ.

"ನೀರು ಹಾಕಿದವರು ಯಾರು ಈರಕ್ಕಾ?" ಎಂದು ಅಯ್ಯನವರು ಗೋಡೆಯ ಬಳಿ ಬಂದು ಕೇಳಿದರು.

"ನಿನ್ನಿ ರಾತ್ರಿದು ಸಾತಪ್ಪಂದ್ರಿ. ಹೂವು ನಂದು. ಈಗ ಹಾಕೂ ನೀರೂ ನಂದಽ. ತುಸು ಈ ಕಡೆ ಬರ್ರಿ, ನಿಮ್ಮ ಮ್ಯಾಲ ಬಿದ್ದೀತು."

ಸಾತಪ್ಪ ಎದುರು ಸಾಲಿನವನು. ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟಿನ ಕೆಲಸ. ಬಸಲಿಂಗಯ್ಯನವರು ಅವನನ್ನು ಕರೆಸಿ, ತಡವಾಗಿ ಬಂದ ಕಾರ್ಮಿಕನನ್ನು ಕಿಟಕಿಯಾಚೆ ನಿಲ್ಲಿಸಿ ಕೇಳುವ ಗತ್ತಿನಲ್ಲೇ ವಿಚಾರಣೆಗೆ ತೊಡಗಿದರು.

"ರಾತ್ರಿ ಹನ್ನೊಂದೂವರಿಗೆ ನನ್ನ ಗೇಟಿನ್ಯಾಗ ಯಾಕ ಬಂದಿ?"

"ಎಮ್ಮಿ ಹುಡುಕಾಕ್ರಿ. ಮೂರು ದಿನಾ ಆಗಿತ್ರಿ ತಪ್ಪಿಸ್ಕೊಂಡು. ನಿಮ್ಮ ಕಂಪೌಂಡಿನ್ಯಾಗ ಹೊಕ್ಕೈತೇನೋ ಅಂತ ಬ್ಯಾಟರಿ ಬಿಟ್ಟೆ. ಬೆಳಕು ಹೋಗಿ ಲಿಂಗಪ್ಪನ ಮ್ಯಾಲ ಬಿತ್ತು. ಮೂರು ಗೆರಿ ಥಳಥಳಾ ಹೊಳ್ಯಾಕತ್ತಿದ್ವು. ಎದಿ ಧಸಕ್ ಅಂತ್ರಿ! ಬಾಟ್ಲಿಯಾಗ ಉಳದಿದ್ದ ನೀರು ಎರದು ಬೇಡ್ಕೊಂಡೆ."

"ಲಿಂಗಪ್ಪ ಅಲ್ಲೋ, ಕಲ್ಲು! ಹೋಗಲಿ, ಬಾಗಿಲಾ ಯಾಕ ಬಡದಿ?"

"ಇಷ್ಟು ಜಾಗೃತ ದೇವರು ಇಟ್ಕೊಂಡು ನಮಗೆಲ್ಲಾ ಹೇಳಿಲ್ಲಲ್ಲ ಅಂತ ಕೇಳಾಕ್ರಿ. ಅಷ್ಟ್ರಾಗ 'ಬಂದೆ, ಬಂದೆ' ಅಂತ ದನಿ ಬಂತು. ತಿರುಗಿ ನೋಡ್ತೇನಿ, ಎಮ್ಮಿ ಬಂದು ರಸ್ತಾದಾಗ ನಿಂತೈತಿ! ನಾ ಅದನ್ನ ಹಿಡ್ಕೊಂಡು ಓಡಿದೆ."

"ಮಾರಾಯಾ, 'ಬಂದೆ' ಅಂದಾಂವ ನಾನೋ!"

ಸಾತಪ್ಪ ಕನಿಕರದಿಂದ ನಕ್ಕ. "ಹೋಗ್ರೀ ಅಯ್ಯಾರ. ನಿಮ್ಮ ಮನಿಯಾಗಿಂದ ಮನಷ್ಯಾರ ಮಾತು ಕೇಳಿ ಎಷ್ಟು ದಿನಾ ಆತು? ಓಣಿಗೆಲ್ಲಾ ಗೊತ್ತೈತಿ."

ಬಸಲಿಂಗಯ್ಯನವರು ವಿಚಾರಣೆಯನ್ನು ಅಲ್ಲಿಗೇ ಮುಗಿಸಿದರು.

ಎಮ್ಮೆಯ ಸುದ್ದಿ ಎಮ್ಮೆಗಿಂತ ವೇಗವಾಗಿ ಓಡಿತು. ಮರುದಿನ ಮೂರು ಕೊಡ ನೀರು ಬಿತ್ತು. ಅದರ ಮರುದಿನ ಹನ್ನೊಂದು. ಸೋಮವಾರ ಲೆಕ್ಕವೇ ತಪ್ಪಿತು. ನಳಕ್ಕೆ ಮೂರು ದಿನಕ್ಕೊಮ್ಮೆ ನೀರು ಬರುವ ಮಾರ್ಚ್ ತಿಂಗಳದು. ಸ್ನಾನಕ್ಕೆ ಅರ್ಧ ಬಕೆಟ್ಟಿನಲ್ಲಿ ಮುಗಿಸುವವರು ಕಲ್ಲಿಗೆ ಮಾತ್ರ ತುಂಬಿದ ಕೊಡ ತಂದರು. ಸಿಮೆಂಟಿನ ಅಂಗಡಿಯ ಪರಸಪ್ಪ ಯಾರೂ ಆರಿಸದೆಯೇ ಸೇವಾ ಸಮಿತಿಯೊಂದಕ್ಕೆ ಅಧ್ಯಕ್ಷನಾಗಿ, ಕಳ್ಳಿಯ ನಡುವೆ ನೆಲೆಸಿದ ಈ ದೇವರಿಗೆ 'ಕಳ್ಳಿಲಿಂಗೇಶ್ವರ' ಎಂದು ನಾಮಕರಣ ಮಾಡಿದ. ಬಸಲಿಂಗಯ್ಯನವರು ಗೇಟಿನ ಫಲಕಕ್ಕೆ ಬೆರಳು ತೋರಿಸಿದಾಗ ಅವನು ಅದನ್ನು ಗಟ್ಟಿಯಾಗಿ ಓದಿ ಜನರ ಕಡೆ ತಿರುಗಿದ.

"ನೋಡ್ರಿ, ಅಯ್ಯಾರು ತಾವು ನೀರು ಹಾಕೂದಿಲ್ಲಂತ ಖುಲ್ಲಾ ಬರದಾರ. ಪಾಪ, ವಯಸ್ಸಾತು, ಒಬ್ಬರಽ ಅದಾರ. ನಾವಽ ಹಾಕಬೇಕು."

"ಪರಸಪ್ಪಾ, ಲೋಳೆಸರಾ ಕೊಳ್ಯಾಕತ್ತೇತಿ!"

"ಕೊಳೀಲಿ ಬಿಡ್ರಿ, ಅದಕ್ಕೂ ಮುಕ್ತಿ ಬ್ಯಾಡೇನು? ನೀವು ಜಂಗಮರು. ಪೂಜಾರಕಿ ನೀವಽ ಮಾಡ್ರಿ."

"ನನ್ನ ಲಿಂಗಾ ನನ್ನ ಕೊರಳಾಗೈತಿ. ಇದು ಕಲ್ಲು, ತೇವ ಹಿಡೀಲಿ ಅಂತ ತಂದದ್ದು!"

"ಹಿಡದೇತಲ್ರೀ," ಎಂದ ಪರಸಪ್ಪ, ಕಣಕಾಲು ಮುಳುಗುವ ಕೆಸರಿನಲ್ಲಿ ನಿಂತು. "ತುಸು ಸರೀರಿ, ದೇವರಿಗೆ ಅಡ್ಡ ನಿಂತೀರಿ."

ಬಸಲಿಂಗಯ್ಯನವರು ಸರಿದರು. ತಮ್ಮದೇ ಮನೆಯಲ್ಲಿ ಅವರು ಸರಿಯಬೇಕಿಲ್ಲದ ಜಾಗವೆಂದರೆ ಬಚ್ಚಲೊಂದೇ ಉಳಿಯಿತು. ರಜಿಸ್ಟರು ತುಂಬತೊಡಗಿತು. ಜೋಯಿಡಾ ಕಡೆಯ ಕುಂಬಾರವಾಡದಿಂದ ಇದ್ದ ಒಂದೇ ಬಸ್ಸು ಹಿಡಿದು ಬಂದ ಹೆಣ್ಣುಮಗಳೊಬ್ಬಳು 'ಬಂದ ಉದ್ದೇಶ'ದಲ್ಲಿ 'ತಮ್ಮನಿಗೆ ಕನ್ಯೆ' ಎಂದು ಬರೆದಳು. ಚಿಗಳ್ಳಿಯ ರೈತನೊಬ್ಬ 'ಬೋರಿಗೆ ನೀರು' ಎಂದು ಬರೆದ. ನಾಲ್ಕೂ ತಾಲೂಕಿನ ಜನ ಬಂದರು, ಅದು ನಿಜ. ಕಡಿಮೆ ನೀರಿನಲ್ಲಿ ಗಿಡ ಬೆಳೆಸುವುದು ಹೇಗೆಂದು ಕೇಳಿದವನು ಒಬ್ಬನೂ ಇರಲಿಲ್ಲ.

ಇನ್ನೊಂದು ಸೋಜಿಗ ನಡೆಯುತ್ತಿತ್ತು. ಹಗಲೆಲ್ಲ ಕೊಡಗಟ್ಟಲೆ ನೀರು ಬಿದ್ದು ಕಲ್ಲಿನ ಮೇಲಿನ ವಿಭೂತಿ ತೊಳೆದುಹೋಗುತ್ತಿತ್ತು. ಮರುದಿನ ಸೂರ್ಯ ಹುಟ್ಟುವಷ್ಟರಲ್ಲಿ ಮೂರು ಗೆರೆಗಳು ಮತ್ತೆ ಮೂಡುತ್ತಿದ್ದವು. ಭಕ್ತರಿಗೆ ಇದು ಪವಾಡ. ಬಸಲಿಂಗಯ್ಯನವರಿಗೆ ಇದು ಒಬ್ಬ ಕಳ್ಳನ ಕೆಲಸ. ಯಾರೋ ದಿನವೂ ನಸುಕಿನಲ್ಲಿ ಬಂದು, ಕಲ್ಲಿಗೆ ಗೆರೆ ಎಳೆದು, ತಮ್ಮ ಒಣ ತೋಟವನ್ನು ಗದ್ದೆ ಮಾಡುತ್ತಿದ್ದಾನೆ! ಆ ಪಾಪಿಯನ್ನು ಹಿಡಿದರೆ ದೇವರು ಮತ್ತೆ ಕಲ್ಲಾಗುತ್ತಾನೆ, ನೀರು ನಿಲ್ಲುತ್ತದೆ, ಪ್ರಮಾಣಪತ್ರ ಉಳಿಯುತ್ತದೆ.

ಒಂದಿಡೀ ಇರುಳು ಅವರು ಕಂಬಳಿ ಹೊದ್ದು ಕುರ್ಚಿಯಲ್ಲಿ ಕಾವಲು ಕುಳಿತರು. ಒಂದು ನಾಯಿ ಬಂತು, ಮೂಸಿತು, ಹೋಯಿತು. ಐದಕ್ಕೆ ಎದ್ದು ಸ್ನಾನ, ಲಿಂಗಪೂಜೆ ಮುಗಿಸಿ, ಮಬ್ಬಿನಲ್ಲೇ ತೋಟಕ್ಕೆ ಒಂದು ಸುತ್ತು ಬಂದು, ಜನ ತುಳಿದು ವಾಲಿಸಿದ್ದನ್ನೆಲ್ಲ ನೆಟ್ಟಗೆ ಮಾಡಿ, ಒಳಗಿನಿಂದ ಕನ್ನಡಕ ಹಾಕಿಕೊಂಡು ಬರುವುದರೊಳಗೆ ಮೂರು ಗೆರೆ!

"ಹತ್ತು ನಿಮಿಷದಾಗ ಬಂದು ಹಚ್ಚಿ ಹೋಗ್ಯಾನ ಈರಕ್ಕಾ! ಬಲೇ ಚಾಲಾಕಿ ಅದಾನ!"

"ಹತ್ತು ನಿಮಿಷದಾಗ ಬರೂದಂದ್ರ ಇಲ್ಲೇ ಹತ್ರದಾಂವ ಇರಬೇಕ್ರಿ," ಎಂದು ಈರಕ್ಕ ಒಪ್ಪಿಕೊಂಡಳು. "ಹಿಡೀರಿ ಅವನ್ನ. ಮೊದಲ ಈ ರೊಟ್ಟಿ ತಿನ್ರಿ."

ರೊಟ್ಟಿ! ಹೌದು, ಎರಡನೆಯ ವಾರದಲ್ಲಿ ಹೀಗೊಂದು ವಿಚಿತ್ರ ಶುರುವಾಗಿತ್ತು. ದೇವರಿಗೆ ಬಂದವರಿಗೆ ಮೊದಮೊದಲು ಅಯ್ಯನವರು ಕಾಣಿಸುತ್ತಿರಲಿಲ್ಲ. ಆದರೆ ಕುರ್ಚಿಗಳಿದ್ದವು. ನೀರೆರೆದು ದಣಿದವರು ಕೂರುತ್ತಿದ್ದರು. ಕೂತವರು ಸುಮ್ಮನೆ ಎಷ್ಟು ಹೊತ್ತು ಕೂತಾರು? "ಊಟಾ ಆತೇನ್ರೀ ಅಯ್ಯಾರ?" ಎಂದು ಒಬ್ಬ ಕೇಳಿದ. ಆ ಪ್ರಶ್ನೆಗೆ ಉತ್ತರ ಕೊಡಲು ಬಸಲಿಂಗಯ್ಯನವರಿಗೆ ಅರ್ಧ ನಿಮಿಷ ಹಿಡಿಯಿತು, ಅಭ್ಯಾಸ ತಪ್ಪಿತ್ತು. ಈರಕ್ಕ ದಿನಾ ರೊಟ್ಟಿಯೋ ಉಪ್ಪಿಟ್ಟೋ ತಂದಳು. ಸಾತಪ್ಪ ಶಿಫ್ಟಿಗೆ ಹೋಗುವ ಮೊದಲು ಅರ್ಧ ತಾಸು ಕುಳಿತು ಎಮ್ಮೆಯ ಕ್ಷೇಮಸಮಾಚಾರ ಹೇಳತೊಡಗಿದ. ಆ ರವಿವಾರ ದಾನೇಶ್ವರಿಯ ಫೋನು ಬಂದಾಗ ಅಯ್ಯನವರು, "ಆಮ್ಯಾಲ ಮಾಡವ್ವಾ, ಮಂದಿ ಬಂದಾರ," ಎಂದು ಇಟ್ಟುಬಿಟ್ಟರು. ಇಟ್ಟ ಮೇಲೆ ಆ ಫೋನನ್ನು ಒಂದಿಷ್ಟು ಹೊತ್ತು ನೋಡುತ್ತ ನಿಂತರು.

ಆದರೂ ಕಳ್ಳ ಸಿಗಲೇಬೇಕಿತ್ತು. ಅವರು ಓಣಿಯ ಪ್ರತಿಯೊಬ್ಬರನ್ನೂ ಶಂಕಿಸಿದರು. ಪರಸಪ್ಪನ ಅಂಗಡಿಗೆ ಹೋಗಿ ಸುಣ್ಣದ ಪುಡಿಯನ್ನು ವಿಭೂತಿಗೆ ಹೋಲಿಸಿ ನೋಡಿ ಬೈಸಿಕೊಂಡರು. ಸಾತಪ್ಪನ ಬೆರಳುಗಳನ್ನು ಸ್ಕೇಲಿನಿಂದ ಅಳೆದರು. ಬೆರಳು ದಪ್ಪವಾಗಿದ್ದವು, ನಿರಪರಾಧಿ.

ಹದಿನೈದನೆಯ ದಿನ ಮುಂಜಾನೆ ಏಳಕ್ಕೆ, ಕಚೇರಿಯ ಜನ ಎಂದೂ ಬಾರದ ವೇಳೆಗೆ, 'ಜಲಮಿತ್ರ'ದ ಅಧಿಕಾರಿ ಕಿರಣಕುಮಾರ ಕಡುನೀಲಿ ಅಂಗಿ ತೊಟ್ಟು, ಬಗಲಲ್ಲಿ ಫೈಲು ಹಿಡಿದು ಗೇಟಿನೊಳಗೆ ಬೂಟಿಟ್ಟ. ಬೂಟು ಕೆಸರಿನಲ್ಲೇ ಉಳಿಯಿತು. ಕಾಲು ಮಾತ್ರ ಮೇಲೆ ಬಂತು.

"ಇದು ಜಲಮಿತ್ರ ತೋಟಾನ್ರೀ, ಭತ್ತದ ಗದ್ದೀನ್ರೀ?"

ಬೆಳಗಿನ ಸುತ್ತು ಮುಗಿಸಿ, ತಪಾಸಣೆಯ ದಿನವೆಂದು ಮತ್ತೊಮ್ಮೆ ಪೂಜೆಗೆ ಕುಳಿತಿದ್ದ ಬಸಲಿಂಗಯ್ಯನವರು ವಿಭೂತಿ ಧರಿಸಿದ್ದೇ ತಡ, ಹೊರಕ್ಕೆ ಧಾವಿಸಿದರು. ಪರಸಪ್ಪ, ಸಾತಪ್ಪ, ಈರಕ್ಕ, ಬೆಳಗಿನ ಭಕ್ತರು ಎಲ್ಲ ಸುತ್ತುಗಟ್ಟಿದರು. ಅಯ್ಯನವರು ನಡೆದ ಅನ್ಯಾಯವನ್ನೆಲ್ಲ ಒಂದೇ ಉಸಿರಿನಲ್ಲಿ ನಿವೇದಿಸಿಕೊಂಡರು. ಕಿರಣಕುಮಾರ ಕೊಳೆತ ಲೋಳೆಸರವನ್ನು ಬಗ್ಗಿ ನೋಡಿದ. ಬುಡದಲ್ಲಿ ಮೆತ್ತಗಾದ ಕಳ್ಳಿಯನ್ನು ಪೆನ್ನಿನಿಂದ ಮುಟ್ಟಿದ. ಅದು ನಿಧಾನವಾಗಿ ಮಲಗಿತು.

"ಕೆಲಸಾ ಛಲೋ ಮಾಡಿದ್ರಿ ಅಯ್ಯಾರ. ಇಳಿಜಾರು, ತರಗೆಲಿ, ಖಡಿ, ಎಲ್ಲಾ ಬರೋಬರಿ ಐತಿ. ಇಂಥಾ ತೋಟಾ ನಾಲ್ಕು ತಾಲೂಕಿನ್ಯಾಗ ಇಲ್ಲ." ಅವನ ದನಿಯಲ್ಲಿ ನಿಜವಾದ ಮರುಕವಿತ್ತು. "ಈ ಗೆರಿ ಮನುಷ್ಯಾ ಯಾರೋ ಎಳದದ್ದು ಅಂತಾದ್ರ ಹೆಸರು ಬೇಕು. ಬರಕೊಂಡು, ಕಲ್ಲು ತಗಸಿ, ಮೂರು ತಿಂಗಳು ಬಿಟ್ಟು ಮತ್ತ ನೋಡ್ತೇನಿ. ಹೆಸರಿಲ್ಲಾಂದ್ರ ಇದು ದೇವಸ್ಥಾನ. ನಿಮ್ಮ ಅರ್ಜಿ ಇವತ್ತಿಗೆ ರದ್ದು."

"ಬರ್ಕೋರಿ ಸಾಹೇಬ್ರ, ತಾನಽ ಮೂಡೇತಿ ಅಂತ ಬರ್ಕೋರಿ!" ಎಂದ ಪರಸಪ್ಪ. "ಮನಷ್ಯಾ ಎಳದದ್ದಂದ್ರ ನಾವೇನು ಹುಚ್ಚರೇನು? ನಾಳಿಂದ ಒಂದು ಕಾಗೀನೂ ಈ ಅಂಗಳಕ್ಕ ಬರೂದಿಲ್ಲ, ನೋಡ್ರಿ ಮತ್ತ!"

"ಬ್ಯಾಡಂದ್ರ ಬ್ಯಾಡ! ಎಳದಾಂವ ಇಲ್ಲೇ ಅದಾನ, ಈ ಮಂದ್ಯಾಗಽ ಅದಾನ!" ಬಸಲಿಂಗಯ್ಯನವರು ಆವೇಶದಿಂದ ಮುಂದೆ ಬಂದು ಅಧಿಕಾರಿಯ ಹೆಗಲನ್ನು ಗಟ್ಟಿಯಾಗಿ ಹಿಡಿದರು. "ಸಾಹೇಬ್ರ, ಪೆನ್ನು ತಗೀರಿ. ಇವತ್ತ ಆ ಕಳ್ಳನ್ನ ಹಿಡದಽ ಬಿಡೂಣು!"

ಕೈ ತೆಗೆದರು.

ಕಡುನೀಲಿ ಅಂಗಿಯ ಹೆಗಲ ಮೇಲೆ ಅಡ್ಡಕ್ಕೆ ಮೂರು ಬಿಳಿಯ ಗೆರೆಗಳು.

ಕಿರಣಕುಮಾರ ಪೆನ್ನಿನ ಟೊಪ್ಪಿಗೆ ತೆಗೆಯುತ್ತಿದ್ದ; ಕಾಣಲಿಲ್ಲ. ಪರಸಪ್ಪ ಆಕಾಶಕ್ಕೆ ಕೈಯೆತ್ತಿ ಘೋಷಣೆಗೆ ಸಿದ್ಧನಾಗುತ್ತಿದ್ದ, ಕಾಣಲಿಲ್ಲ. ಕಂಡದ್ದು ಇಬ್ಬರಿಗೆ. ಈರಕ್ಕ ಹೆಗಲು ನೋಡಿದಳು, ಕಲ್ಲು ನೋಡಿದಳು, ಆಮೇಲೆ ಅಯ್ಯನವರ ಬಲಗೈ ನೋಡಿದಳು. ದಿನವೂ ನಸುಕಿನಲ್ಲಿ, ವಿಭೂತಿ ಧರಿಸಿದ ಬೆರಳು ಒರೆಸದೆ, ಕನ್ನಡಕವಿಲ್ಲದೆ, ವಾಲಿದ ಕಲ್ಲನ್ನು ಹಿಡಿದು ನೆಟ್ಟಗೆ ನಿಲ್ಲಿಸುತ್ತಿದ್ದ ಕೈ ಅದು.

ಬಸಲಿಂಗಯ್ಯನವರೂ ತಮ್ಮ ಬಲಗೈಯನ್ನೇ ನೋಡಿಕೊಂಡರು.

"ಅಯ್ಯಯ್ಯ, ಸಾಹೇಬ್ರ ಅಂಗಿಗೆ ಸುಣ್ಣಾ ಹತ್ತೇತಿ," ಎನ್ನುತ್ತ ಈರಕ್ಕ ಸರ್ರನೆ ಮುಂದೆ ಬಂದು ಸೆರಗಿನಿಂದ ಆ ಹೆಗಲನ್ನು ತಿಕ್ಕಿ ಒರೆಸಿದಳು. ಒರೆಸಿ ಹಿಂದಕ್ಕೆ ಸರಿಯುವಾಗ ಅಯ್ಯನವರ ಕಿವಿಯ ಬಳಿ ಮೆಲ್ಲಗೆ ಹೇಳಿದಳು: "ಸುಮ್ಮನಿರ್ರಿ. ನಿಮಗ ಗೊತ್ತು, ನನಗ ಗೊತ್ತು. ನಾಳಿಗೆ ರೊಟ್ಟಿ ಜೋಡಿ ಜುಣಕಾ ಮಾಡಬೇಕಂತ ಮಾಡೇನಿ. ತರಲೋ ಬ್ಯಾಡೋ, ನೀವಽ ಹೇಳ್ರಿ."

ಆರು ಕುರ್ಚಿಗಳಲ್ಲಿ ಆರು ಜನ ಕುಳಿತಿದ್ದರು. ಏಳನೆಯವನಿಗೆ ಕುರ್ಚಿ ಸಿಗದೆ ಕಟ್ಟೆಯ ಮೇಲೆ ಕುಳಿತು ಅಯ್ಯನವರ ಮನೆಯ ಚಹ ಕುಡಿಯುತ್ತಿದ್ದ. ಬಸಲಿಂಗಯ್ಯನವರ ಕಾಲಬಳಿ ಲೋಳೆಸರದ ಕಟ್ಟಕಡೆಯ ಗಿಡ ಹಳದಿಯಾಗಿ ಒಂದು ಮಗ್ಗುಲಿಗೆ ಒರಗಿತ್ತು. ಬುಡದಲ್ಲಿ ಇನ್ನೂ ಒಂದು ಬೆರಳಿನಷ್ಟು ಹಸಿರಿತ್ತು.

"ಹೇಳ್ರೀ ಅಯ್ಯಾರ," ಎಂದ ಕಿರಣಕುಮಾರ, ಫೈಲನ್ನು ಮೊಣಕಾಲ ಮೇಲೆ ಊರಿ. "ಹಿಡದಽ ಬಿಡೂಣು ಅಂದ್ರಿ. ಹೆಸರೈತೋ, ಇಲ್ಲೋ?"

"ಇಲ್ರೀ, ಎಲ್ಲಿ ಹೆಸರು!" ಎಂದ ಪರಸಪ್ಪ.

"ಇಲ್ರೀ," ಎಂದಳು ಈರಕ್ಕ, ಅಯ್ಯನವರ ಮುಖದಿಂದ ಕಣ್ಣು ಕೀಳದೆ.

ಬಸಲಿಂಗಯ್ಯನವರು ಬಗ್ಗಿದರು. ಒರಗಿದ ಲೋಳೆಸರವನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಒಂದು ಹಿಡಿ ಒಣ ಖಡಿ ಸುರಿದರು. ಎದ್ದು ನಿಂತು, ಬಲಗೈಯ ಮೂರು ಬೆರಳುಗಳನ್ನು ಧೋತರದ ಅಂಚಿಗೆ ಒರೆಸಿಕೊಂಡರು. ಒಂದೊಂದಾಗಿ, ನಿಧಾನವಾಗಿ. ಆಮೇಲೆ ಕುರ್ಚಿಗಳ ಕಡೆ ನೋಡದೆ, ಹಾಜರಿ ಕೂಗುವ ಗಟ್ಟಿ ದನಿಯಲ್ಲಿ, ಬರೆದುಕೊಳ್ಳುವವನಿಗೆ ತಪ್ಪದಂತೆ ಬಿಡಿಸಿ ಹೇಳಿದರು:

"ಬಸಲಿಂಗಯ್ಯ ಮಹಾಲಿಂಗಯ್ಯ ಹಿರೇಮಠ."